ಎಲೆ ಒಂದು, ಉಡುಗೊರೆ ಎರಡು

ಆ ಐದು ತೂತಿನ ಮರದ ಉಂಡೆಯನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಚಿಂತಾಮಣಿಯ ಒಂದು ಖಾಸಗಿ ಕಾಲೇಜಿನ ಕೆಮಿಸ್ಟ್ರಿ ವಿಭಾಗದಲ್ಲಿ, ಗಾಜಿನ ಬೀರುವಿನೊಳಗೆ ಅದನ್ನು ಮನೆದೇವರ ಹಾಗೆ ಇಟ್ಟಿದ್ದರು. ಆ ಕಾಲೇಜು ಈಗಿಲ್ಲ. ಬೀರು ಯಾರ ಮನೆ ಸೇರಿತೋ ತಿಳಿಯದು. ಉಂಡೆ ಯಾವುದಾದರೂ ಒಲೆಯಲ್ಲಿ ಉರಿದುಹೋಗಿದ್ದರೆ ನನಗೆ ಸಂತೋಷ.

ಅರವತ್ತರ ದಶಕದ ನಡುಭಾಗದ ಮಾತು. ನಾನು ಅಲ್ಲಿ ಹಂಗಾಮಿ ಅಧ್ಯಾಪಕಿ. ಹಂಗಾಮಿ ಎಂದರೆ, ವರ್ಷದ ಕೊನೆಗೆ ವಿಭಾಗದ ಮುಖ್ಯಸ್ಥರು ನಾಲ್ಕು ಒಳ್ಳೆಯ ಮಾತು ಹೇಳಿದರೆ ಮುಂದಿನ ವರ್ಷವೂ ಕೆಲಸ, ಇಲ್ಲವಾದರೆ ಮನೆ. ಮನೆಗೆ ಹೋದರೆ ಮದುವೆ. ಮದುವೆ ಎಂದರೆ ಮಾವ ಗೊತ್ತುಮಾಡಿಟ್ಟಿದ್ದ ಗಂಡು. ಆ ಗಂಡಿನ ಮನೆಯವರಿಗೆ ಹೊರಗೆ ದುಡಿಯುವ ಸೊಸೆ ಬೇಡವಾಗಿತ್ತು, ನನಗೆ ಅವರೇ ಬೇಡವಾಗಿದ್ದರು. ಹಾಗಾಗಿ ಪಾಠ ಹೇಳುವ ಕೆಲಸ ಉಳಿಸಿಕೊಳ್ಳುವುದೊಂದೇ ನನಗಿದ್ದ ದಾರಿ.

ಮಾವನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಅವನನ್ನು ಬಿಟ್ಟು ಕೆಮಿಸ್ಟ್ರಿ ಹೇಳುವುದು ನನ್ನಿಂದಾಗದು. ಹಿರಿಯರನ್ನು ಏಕವಚನದಲ್ಲಿ ಕರೆಯಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಈ ಒಬ್ಬ ಮನುಷ್ಯನ ವಿಷಯದಲ್ಲಿ ಮಾತ್ರ ಆ ಪಾಠ ನನ್ನ ನಾಲಿಗೆಗೆ ಹತ್ತುವುದಿಲ್ಲ. ಅವನು ಅಮ್ಮನ ಒಡಹುಟ್ಟಿದ ತಮ್ಮ. ದಿಬ್ಬೂರಹಳ್ಳಿಯ ಕಡೆ ಹಿಪ್ಪುನೇರಳೆ ತೋಟ, ಚಿಂತಾಮಣಿಯಲ್ಲಿ ರೇಷ್ಮೆ ವ್ಯಾಪಾರ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಅದೇ ವರ್ಷ ನನ್ನ ಅಕ್ಕನನ್ನು ಅವನಿಗೇ ಕೊಟ್ಟು ಮದುವೆ ಮಾಡಿದರು. ನಮ್ಮ ಕಡೆ ಅದು ಹೊಸದಲ್ಲ. ತವರಿನ ನಂಟು ಬಿಟ್ಟುಹೋಗಬಾರದೆಂದು ಮಗಳನ್ನು ತಮ್ಮನಿಗೆ ಕೊಡುವುದು ಎಷ್ಟೋ ಮನೆಗಳಲ್ಲಿತ್ತು. ಅಲ್ಲಿಂದ ಮುಂದೆ ಅವನು ಅಮ್ಮನಿಗೆ ತಮ್ಮನೂ ಹೌದು, ಅಳಿಯನೂ ಹೌದು.

ಎರಡು ನಂಟನ್ನೂ ಅವನು ಚೆನ್ನಾಗಿಯೇ ಬಳಸಿಕೊಂಡ. ನಮ್ಮ ಹೊಲಕ್ಕೆ ಏನು ಬಿತ್ತಬೇಕು, ನಾನು ಎಷ್ಟು ಓದಬೇಕು, ಯಾರನ್ನು ಕಟ್ಟಿಕೊಳ್ಳಬೇಕು ಎನ್ನುವುದರಲ್ಲಿ ಅವನು ಸೋದರಮಾವ. ಅಪ್ಪನಿಲ್ಲದ ಹೆಣ್ಣುಮಕ್ಕಳಿಗೆ ಸೋದರಮಾವನ ಮಾತೇ ಮಾತು. ಊಟಕ್ಕೆ ತಡವಾದರೆ, ಕಾಲು ತೊಳೆಯಲು ನೀರು ಕೊಡದಿದ್ದರೆ, ಆಗ ಅವನು ಅಳಿಯ. ಅಮ್ಮ ಏನಾದರೂ ಎದುರು ಹೇಳಿದರೆ ಅಕ್ಕನ ಮುಖ ಒಂದು ವಾರ ಬಾಡಿರುತ್ತಿತ್ತು. ಅಕ್ಕ ಏನಾದರೂ ಕೇಳಿದರೆ ಅಮ್ಮನಿಗೆ ಬೈಗುಳ ಬರುತ್ತಿತ್ತು. ಅವನು ಮನೆಗೆ ಬಂದನೆಂದರೆ ನಡುಮನೆಯೆಲ್ಲ ಅವನದೇ, ನಾವು ಮೂವರು ಹೆಂಗಸರು ಅಡುಗೆಮನೆಯ ಹೊಸ್ತಿಲ ಒಳಗೆ.

ವಿದುರಾಶ್ವತ್ಥದ ಹತ್ತಿರದ ನಮ್ಮ ಮನೆಯಲ್ಲಿ ಅಕ್ಕನ ಮೊದಲ ಮಗುವಿಗೆ ಹೆಸರಿಟ್ಟರು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾಮಕರಣದ ದಿನ ತವರಿನವರು ಉಡುಗೊರೆ ಕೊಡಬೇಕು. ಮಾವ ಮಣೆಯ ಮೇಲೆ ಕೂತ. ಅಮ್ಮ ತಟ್ಟೆಯಲ್ಲಿ ಪಂಚೆ ಇಟ್ಟು, "ತಗೊಳೋ" ಎಂದಳು. ಅದು ತಮ್ಮನಿಗೆ. ಅವನು ಎದ್ದು, ಮಣೆಯನ್ನು ಒಂದು ಸುತ್ತು ಬಂದು, ಮತ್ತೆ ಅದರ ಮೇಲೇ ಕೂತ. ಈ ಸಲ ಅಕ್ಕನೂ ಪಕ್ಕದಲ್ಲಿ ಕೂತಳು. ಅಮ್ಮ ಇನ್ನೊಂದು ಪಂಚೆ, ಶಲ್ಯ ಇಟ್ಟುಕೊಟ್ಟಳು. ಅದು ಅಳಿಯನಿಗೆ. ಸೇರಿದವರಿಗೆ ಯಾರಿಗೂ ಇದು ವಿಚಿತ್ರವೆನಿಸಲಿಲ್ಲ, ನಂಟು ಎರಡಾದ ಮೇಲೆ ಉಡುಗೊರೆ ಎರಡು ಕೊಡಲೇಬೇಕು.

ಆಮೇಲೆ ಊಟಕ್ಕೆ ಮುತ್ತುಗದ ಎಲೆ ಹಾಕಿದರು. ಮಾವನಿಗೆ ಎಷ್ಟು ಎಲೆ? ಒಂದೇ. ಎರಡು ಉಡುಗೊರೆ ತೆಗೆದುಕೊಂಡವನಾದರೂ ಎರಡು ಕಡೆ ಕೂರಲು ಆಗುವುದಿಲ್ಲವಲ್ಲ. ಆದರೆ ಆ ಒಂದು ಎಲೆಯ ಮುಂದೆ ಅವನು ಚಕ್ಕಳಮಕ್ಕಳ ಹಾಕಿ, ಮೊಣಕೈ ಬಿಟ್ಟುಕೊಂಡು ಕೂತ ಚೆಂದ ನೋಡಬೇಕಿತ್ತು. ಎಡದವರೂ ಬಲದವರೂ ತಂತಮ್ಮ ಎಲೆ ಎಳೆದುಕೊಂಡು ಒತ್ತಾದರು. ನಾನು ಪಲ್ಯ ಬಡಿಸುತ್ತಾ ಅದನ್ನು ನೋಡಿ ಮನಸ್ಸಿನಲ್ಲೇ ಹಲ್ಲು ಕಡಿದೆ. ಮುಂದೆ ಅದು ನನಗೆ ಪಾಠವಾಗುತ್ತದೆಂದು ಗೊತ್ತಿರಲಿಲ್ಲ.

ಅಪ್ಪ ಸಾಯುವ ಮುಂಚೆ "ಚಿಕ್ಕವಳನ್ನ ಓದ್ಸು" ಎಂದಿದ್ದರಂತೆ. ಅಮ್ಮ ಆ ಒಂದು ಮಾತನ್ನು ಹಿಡಿದುಕೊಂಡು ನನ್ನನ್ನು ಬೆಂಗಳೂರಿನ ಹಾಸ್ಟೆಲಿಗೆ ಕಳಿಸಿದಳು. ಮಾವ ಪ್ರತಿ ವರ್ಷ ಬೇಡವೆಂದ, ಅಮ್ಮ ಪ್ರತಿ ವರ್ಷ ಅತ್ತು ಕಳಿಸಿದಳು. ಎಂ.ಎಸ್ಸಿ.ಯಲ್ಲಿ ನಮಗೆ ಒಬ್ಬ ಹುಡುಗುಮುಖದ ಮೇಷ್ಟ್ರಿದ್ದರು. ಅಣುಗಳ ಆಕಾರವನ್ನು ಮೊದಲೇ ಊಹಿಸುವುದು ಹೇಗೆಂದು ಆಗ ಹೊಸದಾಗಿ ಬಂದಿದ್ದ ವಿಚಾರವನ್ನು ಅವರು ಉತ್ಸಾಹದಿಂದ ಹೇಳುತ್ತಿದ್ದರು. ವಿಚಾರ ಸರಳ. ನಡುವೆ ಒಂದು ಪರಮಾಣು. ಅದರ ಸುತ್ತ ಎಲೆಕ್ಟ್ರಾನ್ ಜೋಡಿಗಳು. ಆ ಜೋಡಿಗಳಿಗೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ. ಇರುವ ಜಾಗದಲ್ಲೇ ಎಷ್ಟು ದೂರ ಸರಿಯಲು ಸಾಧ್ಯವೋ ಅಷ್ಟು ದೂರ ಸರಿದು ಕೂರುತ್ತವೆ. ಎರಡಿದ್ದರೆ ನೆಟ್ಟಗೆ ಎದುರುಬದುರು. ಮೂರಿದ್ದರೆ ಒಲೆಗುಂಡಿನ ಹಾಗೆ ಮೂರು ಮೂಲೆಗೆ. ನಾಲ್ಕಿದ್ದರೆ ಮೂರು ಕಾಲಿನ ಸ್ಟೂಲಿನ ತಲೆಯ ಮೇಲೆ ಒಂದು ಕಡ್ಡಿ ನೆಟ್ಟ ಹಾಗೆ. ದ್ವೇಷವೇ ಆಕಾರ ಕೊಡುತ್ತದೆ ಎನ್ನುವ ಈ ವಿಚಾರ ನನಗೆ ತಕ್ಷಣ ಹಿಡಿಸಿತು. ನಮ್ಮ ಮನೆ ಗೊತ್ತಿದ್ದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ತೊಡಕು ಬಂದದ್ದು ದ್ವಿಬಂಧದಲ್ಲಿ. ಎರಡು ಪರಮಾಣುಗಳ ನಡುವೆ ಒಂದರ ಬದಲು ಎರಡು ಜೋಡಿ ಎಲೆಕ್ಟ್ರಾನ್ ಇದ್ದರೆ ಅದನ್ನು ಒಂದೆಂದು ಎಣಿಸಬೇಕೋ, ಎರಡೆಂದೋ? ಮೇಷ್ಟ್ರು, ಆಕಾರಕ್ಕೆ ಅದು ಒಂದೇ ಎಂದರು. ಎರಡು ಜೋಡಿಯೂ ಒಂದೇ ಪರಮಾಣುವಿನ ಕಡೆ ಚಾಚಿಕೊಂಡಿರುವುದರಿಂದ ಅದು ಹಿಡಿಯುವ ದಿಕ್ಕು ಒಂದೇ. ಆದರೆ ಅದರ ಹೊಟ್ಟೆ ದಪ್ಪ, ಹಾಗಾಗಿ ಉಳಿದವನ್ನು ಹೆಚ್ಚು ತಳ್ಳುತ್ತದೆ, ಉಳಿದವು ಒಂದಕ್ಕೊಂದು ಒತ್ತಾಗುತ್ತವೆ. ತರಗತಿಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ನಾನು ನಕ್ಕುಬಿಟ್ಟೆ. ನನ್ನ ಕಣ್ಣ ಮುಂದೆ ಮುತ್ತುಗದ ಎಲೆಯೂ ಮಾವನ ಮೊಣಕೈಯೂ ಇದ್ದವು.

ಓದು ಮುಗಿಸಿದ ಮೇಲೆ ಮಾವ ನನ್ನನ್ನು ಚಿಂತಾಮಣಿಯ ಕಾಲೇಜಿಗೆ ಸೇರಲು ಬಿಟ್ಟದ್ದೇ ಒಂದು ಲೆಕ್ಕಾಚಾರ. ಅದರ ಆಡಳಿತ ಮಂಡಳಿಯಲ್ಲಿ ಅವನೂ ಒಬ್ಬ ಸದಸ್ಯ. "ಮದ್ವೆ ಆಗೋ ತನ್ಕ ಕಣ್ಣೆದುರಿಗಿರ್ಲಿ" ಎಂದು ಅಮ್ಮನಿಗೆ ಹೇಳಿದ. ನಮ್ಮೂರಿಗೆ ಹತ್ತಿರದ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರದವರೆಗೆ ಬಸ್ಸು, ಅಲ್ಲಿಂದ ಶಿಡ್ಲಘಟ್ಟದ ಮೇಲೆ ಹೋಗುವ ಪುಟ್ಟ ರೈಲು. ಎತ್ತಿನ ಗಾಡಿ ಕೂಡ ನಮ್ಮನ್ನು ಹಿಂದೆ ಹಾಕೀತು ಎಂದು ಜನ ಹಾಸ್ಯ ಮಾಡುತ್ತಿದ್ದ ಆ ರೈಲಿನಲ್ಲಿ ಟ್ರಂಕು ತಬ್ಬಿಕೊಂಡು ಹೋದೆ. ದೂರದ ನೆಂಟಳಾದ ಒಬ್ಬ ಮುದುಕಿಯ ಮನೆಯಲ್ಲಿ ಒಂದು ಕೋಣೆ. ಆ ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಇತ್ತು. ನನ್ನದೆನ್ನುವ ಚಿಲಕ ನಾನು ಅದುವರೆಗೆ ಕಂಡಿರಲಿಲ್ಲ.

ವಿಭಾಗದ ಮುಖ್ಯಸ್ಥರು ಮುಚ್ಚುಕೋಟಿನ, ನಶ್ಯದ ಮನುಷ್ಯ. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣುಮಗು, ಆ್ಯಸಿಡ್ ಗೀಸಿಡ್ ಮೈಮೇಲೆ ಬೀಳುಸ್ಕೊಂಡೀಯ" ಎಂದರು. ಆ್ಯಸಿಡ್ಡಿಗಿಂತ ಅವರ ನಗುವೇ ಹೆಚ್ಚು ಸುಡುತ್ತಿತ್ತು. ಅವರ ಹೆಮ್ಮೆಯೆಲ್ಲ ಬೀರುವಿನಲ್ಲಿದ್ದ ಮರದ ಮಾದರಿಗಳು. ಊರಿನ ಬಡಗಿಯ ಕೈಲಿ ಉಂಡೆಗಳನ್ನು ಮಾಡಿಸಿ, ಬಣ್ಣ ಬಳಿಸಿ, ತೂತು ಕೊರೆಸಿದ್ದರು. ಕಾರ್ಬನ್ನಿಗೆ ನಾಲ್ಕು ತೂತು, ಫಾಸ್ಫರಸ್ಸಿಗೆ ಐದು. ಆ ಐದು ತೂತು ಕೊರೆಸಿದ್ದು ಐದು ಕ್ಲೋರಿನ್ ಇರುವ ಒಂದು ಅಣುವಿಗಾಗಿ. ನಡುವಿಗೆ ಮೂರು, ತಲೆಗೊಂದು, ಬುಡಕ್ಕೊಂದು. ಅದಕ್ಕೆ ಅದು ಸರಿಯೇ. ಆದರೆ ಫಾಸ್ಫರಸ್ಸಿನ ಉಂಡೆ ಮಾಡಿಸಿದ್ದು ಅದೊಂದೇ ಆದ್ದರಿಂದ, ಫಾಸ್ಫರಸ್ ಇರುವ ಅಣುಗಳೆಲ್ಲ ಆ ಉಂಡೆಗೇ ಹೊಂದಿಕೊಳ್ಳಬೇಕಾಗಿತ್ತು.

ಜಗಳ ಹುಟ್ಟಿದ್ದು ಫಾಸ್ಫರಸ್ ಆಕ್ಸಿಕ್ಲೋರೈಡಿನಿಂದ. ನಡುವೆ ಫಾಸ್ಫರಸ್, ಅದಕ್ಕೆ ಒಂದೊಂದೇ ಬಂಧದಿಂದ ಅಂಟಿಕೊಂಡ ಮೂರು ಕ್ಲೋರಿನ್, ದ್ವಿಬಂಧದಿಂದ ಅಂಟಿಕೊಂಡ ಒಂದು ಆಕ್ಸಿಜನ್. ಮುಖ್ಯಸ್ಥರು ಅದೇ ಉಂಡೆಗೆ ಮೂರು ಕಡ್ಡಿಯಲ್ಲಿ ಮೂರು ಹಸಿರು ಗುಂಡು ಸಿಕ್ಕಿಸಿ, ಉಳಿದ ಎರಡು ತೂತಿಗೂ ಎರಡು ಕಡ್ಡಿ ಹಾಕಿ, ಬಾಗಿಸಿ, ಒಂದೇ ಕೆಂಪು ಗುಂಡಿಗೆ ಕಟ್ಟಿದ್ದರು. ಆಕ್ಸಿಜನ್ ಎರಡು ಮೂಲೆಯ ನಡುವೆ ಜೋತು ಬಿದ್ದಿತ್ತು. "ಬಂಧ ಐದು, ಹಾಗಾಗಿ ಆಕಾರವೂ ಐದರದೇ" ಎಂದು ಬರೆಸುತ್ತಿದ್ದರು.

ನಾನು ಮರ್ಯಾದೆಯಿಂದಲೇ ಹೋಗಿ ಹೇಳಿದೆ. "ಸಾರ್, ಆಕ್ಸಿಜನ್ ಕಡೆ ಎರಡು ಜೋಡಿ ಇದ್ರೂ ದಿಕ್ಕು ಒಂದೇ ಅಲ್ವಾ. ಒಟ್ಟು ನಾಲ್ಕೇ ದಿಕ್ಕು."

"ಇದರಲ್ಲಿ ಎಷ್ಟು ಕಡ್ಡಿ ಇದೆ, ಎಣ್ಸಮ್ಮ" ಎಂದರು.

"ಐದು. ಆದ್ರೆ ಕಡ್ಡಿ ಎಣಿಸೋದಲ್ಲ ಸಾರ್, ಕಡ್ಡಿ ಹೋಗೋ ಕಡೆ ಎಣಿಸ್ಬೇಕು."

"ನಾನು ಪಾಠ ಮಾಡೋಕ್ಕೆ ಶುರು ಮಾಡ್ದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ."

ತೊಟ್ಟಿಲಿಗೂ ಫಾಸ್ಫರಸ್ಸಿಗೂ ಏನು ಸಂಬಂಧ? ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ಮೊಲವನ್ನು ತೋರಿಸಿ ಉಪಯೋಗವಿಲ್ಲ. ಆ ಅಣುವಿನಲ್ಲಿ ಕ್ಲೋರಿನ್ನುಗಳ ನಡುವಿನ ಕೋನವನ್ನು ಆಗಲೇ ಅಳೆದಿದ್ದರು, ನೂರ ಮೂರು ಡಿಗ್ರಿಯ ಆಸುಪಾಸು. ನಾಲ್ಕೂ ಸಮವಾಗಿದ್ದರೆ ನೂರ ಒಂಬತ್ತೂವರೆ ಇರಬೇಕಿತ್ತು. ಆಕ್ಸಿಜನ್ ತಳ್ಳಿದ್ದರಿಂದ ಮೂರೂ ಒತ್ತಾಗಿ ಅಷ್ಟು ಕಡಿಮೆಯಾಗಿದೆ. ಮುಖ್ಯಸ್ಥರ ಉಂಡೆಯ ಪ್ರಕಾರ ನೂರ ಇಪ್ಪತ್ತೂ ಬರುತ್ತದೆ, ತೊಂಬತ್ತೂ ಬರುತ್ತದೆ, ನೂರ ಮೂರು ಮಾತ್ರ ಎಲ್ಲಿಂದಲೂ ಬರುವುದಿಲ್ಲ. ಅದನ್ನೂ ಹೇಳಿದೆ. ಅವರು ನಶ್ಯ ಏರಿಸಿ ಕಿಟಕಿಯ ಕಡೆ ತಿರುಗಿದರು.

ನನಗೆ ತಲೆ ಕೆಟ್ಟಿತು. ಮಾರನೆಯ ದಿನ ನನ್ನ ತರಗತಿಯಲ್ಲಿ ಸುತ್ತುಬಳಸಿಲ್ಲದೆ ಪಾಠ ಮಾಡಿದೆ. ಕೂತಿದ್ದವರೆಲ್ಲ ನಮ್ಮ ಕಡೆಯ ಮಕ್ಕಳೇ, ಸೋದರಮಾವನಿಗೆ ಕೊಟ್ಟ ಅಕ್ಕಂದಿರು ಮನೆಮನೆಯಲ್ಲೂ ಇದ್ದರು. "ನಾಮಕರಣಕ್ಕೆ ನಿಮ್ಮ ಮಾವ ಬಂದ್ರೆ ಎಷ್ಟು ಉಡುಗೊರೆ?" ಎಂದು ಕೇಳಿದೆ. "ಎರಡು" ಎಂದರು. "ಎಲೆ ಎಷ್ಟು ಹಾಕ್ತೀರಿ?" "ಒಂದು." "ಪಕ್ಕದಲ್ಲಿ ಕೂತೋರಿಗೆ ಜಾಗ ಆಗುತ್ತಾ?" ಇಡೀ ತರಗತಿ ನಕ್ಕಿತು. ಬಂಧ ಎಷ್ಟೆಂದು ಕೇಳಿದರೆ ಉಡುಗೊರೆ ಎಣಿಸಿ, ಆಕಾರ ಏನೆಂದು ಕೇಳಿದರೆ ಎಲೆ ಎಣಿಸಿ, ಕೋನ ಯಾಕೆ ಕುಗ್ಗಿತೆಂದು ಕೇಳಿದರೆ ಮಾವನ ಮೊಣಕೈ ನೆನಪು ಮಾಡಿಕೊಳ್ಳಿ ಎಂದೆ. ಇಂಗಾಲದ ಡೈಆಕ್ಸೈಡಿನಲ್ಲಿ ಎರಡು ದ್ವಿಬಂಧ, ಹಾಗಾದರೆ ಎಲೆ ಎಷ್ಟು? ಎರಡೇ. ಎರಡು ಎಲೆ ಎದುರುಬದುರು, ಅಣು ನೆಟ್ಟಗೆ. ಹಿಂದಿನ ಬೆಂಚಿನವರೂ ಅಂದು ಉತ್ತರ ಹೇಳಿದರು.

ಅವರು ಪಾಠವನ್ನು ಮರೆಯಲಿಲ್ಲ, ಅಲ್ಲೇ ಎಡವಟ್ಟಾಯಿತು. ಕಾಲೇಜಿನ ಪರೀಕ್ಷೆಯಲ್ಲಿ ಮುಖ್ಯಸ್ಥರು ಅದೇ ಪ್ರಶ್ನೆ ಹಾಕಿದರು, ತರಗತಿಯೆಲ್ಲ ನಾಲ್ಕರ ಆಕಾರವನ್ನೇ ಬರೆಯಿತು. ಅವರು ಎಲ್ಲರಿಗೂ ಸೊನ್ನೆ ಕೊಟ್ಟರು. ವಿದ್ಯಾರ್ಥಿಗಳು ಗುಂಪಾಗಿ ಹೋಗಿ ಯಾಕೆಂದು ಕೇಳಿದರು. ಅವರಲ್ಲಿ ಒಬ್ಬಳು, "ಎಲೆ ನಾಲ್ಕೇ ಅಲ್ವಾ ಸಾರ್" ಎಂದಳಂತೆ. ಯಾವ ಎಲೆ, ಯಾರ ಎಲೆ ಎಂದು ಅವರು ವಿಚಾರಿಸಿದರು, ಮಕ್ಕಳು ಎಲ್ಲ ಹೇಳಿದರು. ಅದೇ ವಾರ, ಹಂಗಾಮಿ ಅಧ್ಯಾಪಕಿ ವಿದ್ಯಾರ್ಥಿಗಳನ್ನು ಎತ್ತಿಕಟ್ಟುತ್ತಿದ್ದಾಳೆಂದು ಆಡಳಿತ ಮಂಡಳಿಗೆ ದೂರು ಹೋಯಿತು.

ಮಂಡಳಿ ಸೇರಿದ್ದು ಒಂದು ಮಧ್ಯಾಹ್ನ. ಅಧ್ಯಕ್ಷರು ತೆಲುಗು ಮನೆಮಾತಿನ, ಬಿಳಿ ಮೀಸೆಯ ರೇಷ್ಮೆ ವ್ಯಾಪಾರಿ. ಇನ್ನೂ ನಾಲ್ಕೈದು ಜನ. ಅವರ ನಡುವೆ, ಕುರ್ಚಿಯ ಎರಡು ಕೈಯನ್ನೂ ತುಂಬಿಕೊಂಡು, ನನ್ನ ಮಾವ. ಮುಖ್ಯಸ್ಥರು ತಮ್ಮ ಉಂಡೆಯನ್ನು ಮೇಜಿನ ಮೇಲಿಟ್ಟು, ಐದು ಕಡ್ಡಿಯನ್ನೂ ಬೆರಳಿನಿಂದ ಮುಟ್ಟಿ ತೋರಿಸಿದರು. ಕಡ್ಡಿ ಎಣಿಸಲು ಯಾರಿಗೆ ಬರುವುದಿಲ್ಲ? ಎಲ್ಲರೂ ತಲೆಯಾಡಿಸಿದರು.

ನಾನು ಪೇಟೆಯಿಂದ ಮಕ್ಕಳಾಡುವ ಬಲೂನು, ಅಂದರೆ ಪುಗ್ಗ, ಕೊಂಡು ತಂದಿದ್ದೆ. ನಾಲ್ಕು ಊದಿದೆ, ಮೂರು ಸಣ್ಣದು, ಒಂದು ದೊಡ್ಡದು. ಒಂದು ಗಂಟಿನಲ್ಲಿ ಕಟ್ಟಿ ಮೇಜಿನ ಮೇಲೆ ಬಿಟ್ಟೆ. ನಾನು ಮುಟ್ಟದೆಯೇ ಅವು ತಂತಮ್ಮ ಜಾಗ ಹುಡುಕಿಕೊಂಡವು. ದೊಡ್ಡದು ಒಂದು ಕಡೆ, ಸಣ್ಣವು ಮೂರೂ ಇನ್ನೊಂದು ಕಡೆ ಒತ್ತೊತ್ತಾಗಿ.

"ದೊಡ್ಡದು ಆಕ್ಸಿಜನ್ ಕಡೆಯ ದ್ವಿಬಂಧ. ಒಳಗೆ ಎರಡು ಜೋಡಿ ಇದೆ, ಆದ್ರೆ ಕೂತಿರೋದು ಒಂದೇ ಕಡೆ. ನಾಮಕರಣದಲ್ಲಿ ತಮ್ಮನೂ ಅಳಿಯನೂ ಒಬ್ಬನೇ ಆದ್ರೆ ಉಡುಗೊರೆ ಎರಡು ಕೊಡ್ತೀವಿ, ಎಲೆ ಒಂದೇ ಹಾಕ್ತೀವಿ. ಹಂಗೆ."

"ಆಕು ಒಕಟೇ ಕದಾ" ಎಂದರು ಅಧ್ಯಕ್ಷರು, ಎಲೆ ಒಂದೇ ಅಲ್ಲವೇ ಎಂದು ತೆಲುಗಿನಲ್ಲಿ ತಮಗೆ ತಾವೇ ಹೇಳಿಕೊಳ್ಳುತ್ತಾ. ಮೀಸೆಯೊಳಗೆ ನಗು ಬಂದಿತ್ತು. ಪಕ್ಕದವರೊಬ್ಬರು ಮಾವನ ಕಡೆ ನೋಡಿ, "ನಿಮ್ಮನೇಲೂ ಹಂಗೇ ಅಲ್ವೇ" ಎಂದರು. ಇನ್ನೊಬ್ಬರು ಅವನ ಮೊಣಕೈ ನೋಡಿ ತಮ್ಮ ಕುರ್ಚಿ ಸರಿಸಿಕೊಂಡರು. ಆಗ ಎಲ್ಲರೂ ನಕ್ಕರು.

ಮಾವನ ಕೈಯಲ್ಲಿ ಸಿಗರೇಟು ಇತ್ತು. ಅವನು ಮುಂದೆ ಬಾಗಿ ಅದನ್ನು ದೊಡ್ಡ ಪುಗ್ಗಕ್ಕೆ ಮುಟ್ಟಿಸಿದ. ಅದು ಢಬ್ಬೆಂದಿತು. ಒತ್ತಾಗಿದ್ದ ಮೂರು ಸಣ್ಣ ಪುಗ್ಗಗಳು ಆ ಕ್ಷಣವೇ ಬಿಡಿಸಿಕೊಂಡು, ಮೇಜಿನ ಮೇಲೆ ಮೂರು ಮೂಲೆಗೆ ಆರಾಮಾಗಿ ಹರಡಿಕೊಂಡವು. ನನ್ನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ, ಅದನ್ನು ಕೊಟ್ಟವನು ಅವನೇ. ಮುಖ್ಯಸ್ಥರು ತಮ್ಮ ಉಂಡೆಯನ್ನು ಎತ್ತಿಕೊಂಡು ಕೋಟಿನ ಮೇಲೆ ಉಜ್ಜತೊಡಗಿದರು.

"ಉಂಡ ಮನೆ ಜಂತೆ ಎಣಿಸ್ತೀಯೇನೇ" ಎಂದ ಮಾವ. ದನಿ ಏರಿಸಲಿಲ್ಲ. ಆಮೇಲೆ ಅಧ್ಯಕ್ಷರ ಕಡೆ ತಿರುಗಿದ. "ಮುಂದಿನ್ ವರ್ಷದ್ ಮಾತು ಬಿಡಿ. ಹುಡ್ಗೀಗೆ ಮದ್ವೆ ಗೊತ್ತಾಗಿದೆ. ಸೋದರಮಾವ ನಾನು ಹೇಳ್ತಿದ್ದೀನಿ, ಇವತ್ತಿಂದ ಕೆಲ್ಸಕ್ಕೆ ಕಳ್ಸಲ್ಲ."

ಅಧ್ಯಕ್ಷರು ಉಳಿದ ಪುಗ್ಗಗಳಲ್ಲಿ ಒಂದನ್ನು ಬೆರಳಿನಿಂದ ನನ್ನ ಕಡೆ ಸರಿಸಿದರು. "ನೀನ್ ಹೇಳಿದ್ದು ಸರೀನಮ್ಮ, ನಮಗೂ ತಿಳೀತು. ಆದ್ರೆ ಮನೆಯವ್ರೇ ಕಳ್ಸಲ್ಲ ಅಂದ್ಮೇಲೆ ನಾವೇನ್ ಮಾಡೋಣ?"

ಸರಿ ಎಂದು ಒಪ್ಪಿಕೊಂಡೇ ಮನೆಗೆ ಕಳಿಸಿದರು. ಈ ಸಿಟ್ಟು ಬೇರೆ ಎಲ್ಲ ಸಿಟ್ಟಿಗಿಂತ ಹೆಚ್ಚು ದಿನ ಬಾಳುತ್ತದೆ. ತಪ್ಪೆಂದು ಹೇಳಿದ್ದರೆ ವಾದ ಮಾಡಬಹುದಿತ್ತು. ಮಾವನನ್ನು ಅಷ್ಟು ಜನರ ಮುಂದೆ ಉದಾಹರಣೆ ಮಾಡಬಾರದಿತ್ತು ಎಂದು ಆಮೇಲೆ ಬಹಳ ಜನ ನನಗೆ ಬುದ್ಧಿ ಹೇಳಿದರು. ನಾನು ಹಾಗೆ ಒಮ್ಮೆಯೂ ಅಂದುಕೊಂಡಿಲ್ಲ.

ಟ್ರಂಕಿನ ಜೊತೆ ಊರಿಗೆ ಬಂದೆ. ಅಕ್ಕ ಎರಡನೆಯ ಹೆರಿಗೆಗೆಂದು ಆಗಲೇ ಅಲ್ಲಿದ್ದಳು. ಹೆಣ್ಣು ಮಗು. ಅಡುಗೆಮನೆಯಲ್ಲಿ ನಾವು ಮೂವರೂ ಕೂತು, ನಾನು ನಡೆದದ್ದೆಲ್ಲ ಹೇಳಿದೆ. ಪುಗ್ಗದ ಕಥೆಗೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ. ಅಮ್ಮ ನಗಲಿಲ್ಲ. "ಅಷ್ಟು ಜನರ ಮುಂದೆ ಸೋದರಮಾವ ಅಂತಾನೇ ಅಂದ್ನಾ?" ಎಂದು ಮತ್ತೆ ಕೇಳಿದಳು. ಹೌದೆಂದೆ. ಅವಳು ರಾಗಿ ಹಿಟ್ಟಿನ ಕೈಯನ್ನು ತುಂಬ ಹೊತ್ತು ತೊಳೆದಳು.

ಅಷ್ಟರಲ್ಲಿ ಶಿಡ್ಲಘಟ್ಟದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಬೇಕೆಂದು ತಿಳಿಯಿತು. ಹೋಗಿ ಕೇಳಿ ಬಂದೆ. ಅಲ್ಲಿನ ಹೆಡ್‌ಮಿಸ್ಟ್ರೆಸ್ ಒಳ್ಳೆಯವರು, ಚಿಂತಾಮಣಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ನಾಳೆ ನಿಮ್ಮ ಮಾವ ಬಂದು ಕರ್ಕೊಂಡು ಹೋದ್ರೆ ನನ್ನ ಮಕ್ಕಳ ಗತಿ? ಮನೆಯವ್ರು ಒಪ್ಪಿದ್ರೆ ಬನ್ನಿ" ಎಂದರು. ಮನೆಯವರು ಎಂದರೆ ಯಾರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಂದಕ್ಕೆ ಬಂದು ಅಮ್ಮನಿಗೆ ಹೇಳಿದೆ. ಅವಳು ನಾಮಕರಣ ಮುಗಿಯಲಿ ಎಂದಷ್ಟೇ ಹೇಳಿದಳು. ಅಮ್ಮನೂ ಕೈಬಿಟ್ಟಳೆಂದು ಅವಳ ಮೇಲೂ ನನಗೆ ಕೆಟ್ಟ ಕೋಪ ಬಂತು.

ನಾಮಕರಣಕ್ಕೆ ಎರಡು ಕಡೆಯ ನೆಂಟರೂ ಬಂದರು. ಎರಡು ಕಡೆ ಎನ್ನುವುದೂ ಮಾತಿಗೆ, ಅಮ್ಮನ ತವರೇ ಅಕ್ಕನ ಗಂಡನ ಮನೆ. ಮಾವ ಬಂದವನೇ ನಡುಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ, ಬರುವ ತಿಂಗಳು ಗಂಡಿನವರು ನನ್ನನ್ನು ನೋಡಲು ಬರುತ್ತಾರೆಂದು ಹೇಳಿದ. ನಾನು ಒಳಗೆ ಕೈಗೆ ಸಿಕ್ಕ ಚೊಂಬನ್ನು ನೆಲಕ್ಕೆ ಕುಕ್ಕಿದೆ. ಉಡುಗೊರೆಯ ಹೊತ್ತಾಯಿತು. ಅವನು ಎಂದಿನ ಹಾಗೆ ಒಬ್ಬನೇ ಬಂದು ಮಣೆಯ ಹತ್ತಿರ ನಿಂತ, ಮೊದಲು ತಮ್ಮನ ಸರದಿ.

ಅಮ್ಮ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಒಂದು ಪಂಚೆ, ಒಂದು ಶಲ್ಯ. "ಬನ್ನಿ ಅಳಿಯಂದಿರೇ" ಎಂದಳು. ಹುಟ್ಟಿದಂದಿನಿಂದ ಎತ್ತಿ ಆಡಿಸಿದ ತಮ್ಮನನ್ನು ಅವಳು ಹಾಗೆ ಕರೆದದ್ದನ್ನು ಯಾರೂ ಕೇಳಿರಲಿಲ್ಲ. ಅಕ್ಕನ ಕಡೆ ತಿರುಗಿ, "ನೀನೂ ಕೂತ್ಕೋ" ಎಂದಳು.

"ಮೊದ್ಲು ತಮ್ಮನ್ದಲ್ವೇನಕ್ಕ?" ಎಂದ ಮಾವ.

"ತಮ್ಮನಿಗೆ ಇಲ್ಲ."

"ಹಂಗಂದ್ರೆ?"

"ನನ್ ಮಗ್ಳು ನಿಮ್ಮನೇಲಿ ಬಾಳ್ತಾಳೆ. ಅದಕ್ಕೆ ಅಳಿಯ ಅಂತ ಕೊಡ್ತಿದ್ದೀನಿ, ಕೊನೇ ತನ್ಕ ಕೊಡ್ತೀನಿ. ತಮ್ಮನಿಗೆ ಕೊಡೋದು ಇವತ್ತಿಗೆ ನಿಂತೋಯ್ತು. ಇನ್ನು ಚಿಕ್ಕವಳ ವಿಚಾರ ಅವಳು, ನಾನು ನೋಡ್ಕೊಂತೀವಿ. ಅಕ್ಕನ ಮನೇಲಿ ತಮ್ಮ ಮಾತಾಡ್ಬೋದು. ಅತ್ತೆ ಮನೇಲಿ ಅಳಿಯ ಊಟ ಮಾಡ್ಕೊಂಡು ಹೋಗ್ತಾನೆ."

ಒಬ್ಬ ಮುದುಕಿ ಅಮ್ಮನ ಕೈ ಹಿಡಿದು, "ಹಂಗನ್ಬೇಡ ಕಣೇ, ತವರು ಹೋಗ್ಬಿಡ್ತದೆ" ಎಂದಳು. "ಗೊತ್ತು" ಎಂದಳು ಅಮ್ಮ. ಹಿಡಿದ ತಟ್ಟೆಯನ್ನು ಕೆಳಗಿಳಿಸಲಿಲ್ಲ.

ಮಾವ ಬಾಗಿಲ ಕಡೆ ನೋಡಿದ. ಹಾಗೇ ಹೊರಟುಬಿಟ್ಟಿದ್ದರೆ ಅಳಿಯತನವನ್ನೂ ಅಲ್ಲೇ ಬಿಟ್ಟುಹೋದಂತಾಗುತ್ತಿತ್ತು, ಅಷ್ಟು ಜನರ ಮುಂದೆ. ಅಕ್ಕ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಗಲೇ ಕೂತಿದ್ದಳು. "ಕೂತ್ಕೊಳಿ" ಎಂದಳು, ಅವನ ಮುಖ ನೋಡದೆ. ಅವನು ಕೂತ. ಪಂಚೆ ತೆಗೆದುಕೊಂಡ. ಊಟಕ್ಕೆ ಅವನ ಎಲೆಯನ್ನು ಎಲ್ಲರ ಎಲೆಯ ಸಾಲಿನಲ್ಲೇ ಹಾಕಿದೆವು. ಅಂದು ಅವನು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಉಂಡ, ಎರಡೂ ಕಡೆಯವರು ನಿರಾಳವಾಗಿ ಕೂತಿದ್ದರು. ಅವನಿಗೆ ಅನ್ನ ಬಡಿಸಿದವಳು ನಾನೇ. ನನಗೆ ಅಯ್ಯೋ ಅನ್ನಿಸಲಿಲ್ಲ, ತುಂಬ ಖುಷಿಯಾಯಿತು.

ನೆಂಟರೆಲ್ಲ ಹೋದ ಮೇಲೆ ಹಿತ್ತಿಲಲ್ಲಿ ಅಮ್ಮ ಪಾತ್ರೆ ಬೆಳಗುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. "ಶಿಡ್ಲಘಟ್ಟಕ್ಕೆ ಹೋಗು" ಎಂದಳು. ಆಮೇಲೆ, ಬೂದಿಯ ಕೈಯಲ್ಲೇ ಕಣ್ಣು ಒರೆಸಿಕೊಂಡು, "ಒಂದು ಮಾತು. ನಮ್ಮಲ್ಲಿ ಹೆಂಗಸು ಸತ್ರೆ ತವರಿಂದ ಸೀರೆ ಬರ್ಬೇಕು, ಅದನ್ನ ಹೊದಿಸ್ದೆ ಎತ್ತಲ್ಲ. ನನಗಿನ್ನು ತರೋರಿಲ್ಲ. ಅದನ್ನ ನೀನೇ ತರ್ಬೇಕು ಕಣೇ" ಎಂದಳು. ಅವನ ಮೇಲಿನ ನನ್ನ ದ್ವೇಷಕ್ಕೆ ಬೆಲೆ ತೆತ್ತವಳು ಅವಳು.

ಶಿಡ್ಲಘಟ್ಟದಲ್ಲಿ ಮೊದಲ ತಿಂಗಳು ಮುಗಿದ ಮೇಲೆ ಒಂದು ರೇಷ್ಮೆ ಸೀರೆ ಕೊಂಡು ಊರಿಗೆ ತೆಗೆದುಕೊಂಡು ಹೋದೆ. ದಸರೆಗೆ ಉಡಲಿ ಎಂದು ನನ್ನ ಆಸೆ. ಅಮ್ಮ ಬಿಚ್ಚಿ ನೋಡಿದಳು, ಅಂಚನ್ನು ಬೆರಳಿನಿಂದ ಸವರಿದಳು, ಬಣ್ಣ ಚೆನ್ನಾಗಿದೆ ಎಂದಳು. ಹಾಗೇ ಮಡಿಸಿ ಪೆಟ್ಟಿಗೆಯ ತಳಕ್ಕೆ ಇಟ್ಟಳು.

"ಉಟ್ಕೊಳ್ಳಮ್ಮ" ಎಂದೆ.

"ಇದು ಉಡೋದಲ್ಲ" ಎಂದು ಪೆಟ್ಟಿಗೆ ಮುಚ್ಚಿ, ನನಗೆ ಊಟಕ್ಕೆ ಎಲೆ ಹಾಕಿದಳು.